ಕತ್ತರಿಯ ಕೈಗೆ ಸಿಕ್ಕ ವಾರ್ತೆ

ಉಡುಪಿಯಿಂದ ಮಣಿಪಾಲದ ಗುಡ್ಡವನ್ನು ದಾಟಿ ಆಗುಂಬೆಯತ್ತ ಸಾಗುವ ಹೆದ್ದಾರಿಯಲ್ಲಿ ಪರ್ಕಳ ಸಿಗುತ್ತದೆ. ಈ ಭಾಗದ ಮನೆಗಳ ರೇಡಿಯೋ ಪೆಟ್ಟಿಗೆಗಳಿಗೆ ತಮ್ಮದೇ ಜಿಲ್ಲೆಯ ಆಕಾಶವಾಣಿ ನಿಲಯ ದೊರೆತದ್ದು 1976ರ ಡಿಸೆಂಬರ್ 11ರಂದು. ಮಂಗಳೂರು ನಿಲಯದ ಪ್ರಸಾರ ಕೇಂದ್ರವಿರುವುದು ಬ್ರಹ್ಮಾವರದಲ್ಲಿ. ಅದುವರೆಗೆ ದೂರದ ಧಾರವಾಡವನ್ನೋ ಬೆಂಗಳೂರನ್ನೋ ಹಿಡಿಯಲು ಗುಂಡಿ ತಿರುವುತ್ತಿದ್ದ ಕರಾವಳಿಗೆ ಅದು ಸಂತಸದ ಸಂಗತಿಯೇ ಸರಿ. ಆದರೆ ತುರ್ತು ಪರಿಸ್ಥಿತಿ ಆಗ ತನ್ನ ಹದಿನೆಂಟನೆಯ ತಿಂಗಳಲ್ಲಿತ್ತು. ವಾರ್ತೆಯಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ದಿಲ್ಲಿಯ ಅಧಿಕಾರಸ್ಥರು ನಿರ್ಧರಿಸುತ್ತಿದ್ದರು.

ಆಕಾಶವಾಣಿ ಎಂಬ ಹೆಸರು ಕನ್ನಡನಾಡಿನದೇ ಕೊಡುಗೆ. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ಥಾಪಿಸಿದ ಖಾಸಗಿ ನಿಲಯಕ್ಕೆ ಈ ಹೆಸರಿತ್ತು. ಪುರಾಣದ ಅಶರೀರವಾಣಿ ಕಂಸನೆದುರಿನಲ್ಲಿಯೂ ಸತ್ಯವನ್ನೇ ನುಡಿಯಿತು. ರಾಜನ ಮುಖ ನೋಡಿ ಮಾತು ಬದಲಿಸಲಿಲ್ಲ. ಇಂಥ ಹೆಸರನ್ನು ಹೊತ್ತ ಸಂಸ್ಥೆಯನ್ನು ಜನರು ‘ಆಲ್ ಇಂದಿರಾ ರೇಡಿಯೋ’ ಎಂದು ಹಾಸ್ಯ ಮಾಡುವ ಕಾಲವೂ ಬಂದಿತು.

ಆ ಹಾಸ್ಯಕ್ಕೆ ಕಾರಣಗಳಿದ್ದವು. ಆಕಾಶವಾಣಿ ಸರಕಾರದ ಅಂಗವೆಂಬುದನ್ನು ಪ್ರಧಾನಿ ಇಂದಿರಾ ಗಾಂಧಿಯವರು 1975ರ ಸೆಪ್ಟೆಂಬರಿನಲ್ಲಿ ನಿಲಯ ನಿರ್ದೇಶಕರ ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ವಾರ್ತಾ ಸಚಿವ ವಿದ್ಯಾಚರಣ ಶುಕ್ಲರ ಕಾಲದಲ್ಲಿ, ಸರಕಾರದ ಕಾರ್ಯಕ್ರಮಕ್ಕೆ ಸಹಕರಿಸಲಿಲ್ಲವೆಂಬ ಕಾರಣಕ್ಕೆ ಗಾಯಕ ಕಿಶೋರ್ ಕುಮಾರರ ಹಾಡುಗಳೇ 1976ರಲ್ಲಿ ರೇಡಿಯೋದಿಂದ ಮಾಯವಾದವು. 1977ರ ಫೆಬ್ರವರಿ 6ರಂದು ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ ನಾರಾಯಣ ಮತ್ತು ಜಗಜೀವನ ರಾಮರ ಸಭೆ ಸೇರಲಿದ್ದಾಗ, ಜನರನ್ನು ಮನೆಯಲ್ಲಿಯೇ ಹಿಡಿದಿಡಲು ದೂರದರ್ಶನ ‘ಬಾಬಿ’ ಚಿತ್ರವನ್ನು ತೋರಿಸಿತೆಂಬುದು ಈಗ ಎಲ್ಲರಿಗೂ ತಿಳಿದ ಕಥೆ. ಜನರು ಚಿತ್ರ ಬಿಟ್ಟು ಸಭೆಗೆ ಹೋದರು. ಸಮೂಹ ಮಾಧ್ಯಮಗಳ ದುರುಪಯೋಗವನ್ನು ಕುರಿತು ಹೊಸ ಸರಕಾರ 1977ರ ಆಗಸ್ಟಿನಲ್ಲಿ ಶ್ವೇತಪತ್ರವನ್ನೇ ಹೊರಡಿಸಿತು. ವರ್ಗೀಸ್ ಸಮಿತಿ 1978ರಲ್ಲಿ ಸ್ವಾಯತ್ತ ಸಂಸ್ಥೆಯನ್ನು ಸೂಚಿಸಿತು; 1990ರಲ್ಲಿ ಪ್ರಸಾರ ಭಾರತಿ ಕಾಯಿದೆಯಾಯಿತು; ಅದು ಜಾರಿಗೆ ಬರಲು 1997 ಬೇಕಾಯಿತು. ಅಧಿಕಾರದಲ್ಲಿರುವವರಿಗೆ ಧ್ವನಿವರ್ಧಕವನ್ನು ಕೈಬಿಡಲು ಎಂದೂ ಅವಸರವಿರುವುದಿಲ್ಲ.

ಅಂದಿನ ಪಕ್ಷಪಾತ ಮುಖ್ಯವಾಗಿ ಮೌನದ ಪಕ್ಷಪಾತ. ಒಬ್ಬರ ಮಾತಿಗೆ ಹತ್ತು ಸಾಲು, ಇನ್ನೊಬ್ಬರ ಮಾತಿಗೆ ಒಂದೂ ಇಲ್ಲ. ಕತ್ತರಿಯ ಪಕ್ಷಪಾತ ಇದಕ್ಕಿಂತ ಸೂಕ್ಷ್ಮವಾದುದು. ಧ್ವನಿಸುರುಳಿಯ ಕಾಲದಲ್ಲಿ ಬ್ಲೇಡಿನಿಂದ ಟೇಪನ್ನು ಓರೆಯಾಗಿ ಕತ್ತರಿಸಿ ಅಂಟುಪಟ್ಟಿಯಿಂದ ಜೋಡಿಸುತ್ತಿದ್ದರು. ಈಗ ಅದೇ ಕೆಲಸ ಗಣಕಯಂತ್ರದಲ್ಲಿ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಕತ್ತರಿಯೇ ದೋಷವಲ್ಲ, ಒಂದು ಗಂಟೆಯ ಭಾಷಣವನ್ನು ಅರ್ಧ ನಿಮಿಷಕ್ಕೆ ಇಳಿಸದೆ ವಾರ್ತೆ ನಡೆಯುವುದಿಲ್ಲ. ಆದರೆ ಕನ್ನಡದ ವಾಕ್ಯರಚನೆ ಈ ವಿಷಯದಲ್ಲಿ ಅಪಾಯಕ್ಕೆ ಬೇಗ ಒಳಗಾಗುತ್ತದೆ. ನಮ್ಮಲ್ಲಿ ಷರತ್ತು ಮೊದಲು, ಕ್ರಿಯಾಪದ ಕೊನೆಗೆ. ಪರ್ಕಳದಂಥ ಊರಿನ ಸಭೆಯಲ್ಲಿ ಒಬ್ಬರು, “ಭೂಮಿ ಕಳೆದುಕೊಂಡವರಿಗೆ ಪರಿಹಾರ ಕೊಡದೆ ರಸ್ತೆ ಅಗಲ ಮಾಡಬಾರದು” ಎಂದರೆನ್ನೋಣ. ಮೊದಲ ನಾಲ್ಕು ಮಾತು ಹೋದರೆ ಉಳಿಯುವುದು “ರಸ್ತೆ ಅಗಲ ಮಾಡಬಾರದು.” ಧ್ವನಿ ಅವರದೇ, ಮುಖ ಅವರದೇ, ಅಭಿಪ್ರಾಯ ಮಾತ್ರ ಅವರದಲ್ಲ. ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದು ಪ್ರಶ್ನೆಗೆ ಅಂಟಿಸುವುದು, ಹಳೆಯ ಗಲಭೆಯ ಚಿತ್ರವನ್ನು ತಾರೀಖಿಲ್ಲದೆ ಇಂದಿನ ಸುದ್ದಿಯ ಜೊತೆಗೆ ಓಡಿಸುವುದು, ಇವೂ ಇದೇ ವರ್ಗಕ್ಕೆ ಸೇರಿದ ಕೈಚಳಕಗಳು.

ಸರಕಾರದ ಹಿಡಿತ ಸಡಿಲಿ ಖಾಸಗಿ ವಾಹಿನಿಗಳು ಬಂದರೆ ರೋಗ ತಾನಾಗಿ ಗುಣವಾಗುವುದೆಂದು ನಂಬಿದ್ದವರು ನಿರಾಶರಾಗಬೇಕಾಯಿತು. 2020ರಲ್ಲಿ ಕೊರೋನಾ ಸೋಂಕಿನ ಆರಂಭದ ದಿನಗಳಲ್ಲಿ ದಿಲ್ಲಿಯ ತಬ್ಲೀಗಿ ಸಮಾವೇಶದ ಸುದ್ದಿಯನ್ನು ಒಂದು ಸಮುದಾಯದ ಮೇಲಿನ ದೋಷಾರೋಪವಾಗಿ ಬಿತ್ತರಿಸಿದುದಕ್ಕಾಗಿ, ವಾಹಿನಿಗಳೇ ಸ್ಥಾಪಿಸಿಕೊಂಡ ಗುಣಮಟ್ಟ ಪ್ರಾಧಿಕಾರ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50,000 ರೂಪಾಯಿ ದಂಡ ವಿಧಿಸಿತು. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಮೊದಲಾದ ಶಿರವಸ್ತ್ರದ ವಿವಾದವೂ ಈ ಪ್ರಾಧಿಕಾರದ ಮುಂದೆ ಹೋಯಿತು. 2022ರ ಏಪ್ರಿಲ್ 6ರ ಚರ್ಚೆಯೊಂದರಲ್ಲಿ ಶಿರವಸ್ತ್ರದ ಪರವಾಗಿ ಮಾತನಾಡಿದವರನ್ನು ಅಲ್ ಖೈದಾದ ಜವಾಹಿರಿಯೊಂದಿಗೆ ತಳಕು ಹಾಕಿದುದಕ್ಕೆ ಹಿಂದಿಯ ನ್ಯೂಸ್18 ಇಂಡಿಯಾಕ್ಕೆ ಅದೇ ಅಕ್ಟೋಬರಿನಲ್ಲಿ 50,000 ರೂಪಾಯಿ ದಂಡ ಬಿದ್ದಿತು. ವಿವಾದದಲ್ಲಿ ಯಾರ ಪಕ್ಷ ಸರಿ ಎಂಬುದು ಬೇರೆ ಮಾತು. ನ್ಯಾಯಾಲಯಕ್ಕೆ ಹೋದ ಒಂದು ಪ್ರಶ್ನೆಯಲ್ಲಿ ವಾದಿಯನ್ನೇ ಭಯೋತ್ಪಾದಕನ ಬಂಟನೆಂದು ಬಣ್ಣಿಸುವುದು ವಾರ್ತೆಯಲ್ಲ. ಉಡುಪಿಯಲ್ಲಿ ಅದೇ ಬೀದಿಯಲ್ಲಿ ಮಲ್ಲಿಗೆ ಕೊಳ್ಳುವ, ಮೀನು ಮಾರುವ, ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಜನರ ನಡುವೆ ಅಂಥ ಮಾತು ಉಳಿಸಿಹೋಗುವ ಅನುಮಾನವನ್ನು ಯಾವ ದಂಡದ ಮೊತ್ತವೂ ಒರೆಸಲಾರದು. ದಂಡವಾದರೂ ಎಷ್ಟು? ವಾಹಿನಿಯ ಕೆಲವೇ ಜಾಹೀರಾತುಗಳ ಬೆಲೆ.

ಗಮನಿಸಬೇಕಾದುದು, ಈ ಪ್ರಕರಣಗಳೆಲ್ಲ ಆರಂಭವಾದದ್ದು ನೋಡುಗರ ದೂರಿನಿಂದ. ಮೊದಲು ವಾಹಿನಿಗೇ ಬರೆಯಬೇಕು. 2021ರ ನಿಯಮಗಳ ಪ್ರಕಾರ ದೂರು ತಲಪಿದುದನ್ನು ವಾಹಿನಿ 24 ಗಂಟೆಗಳೊಳಗೆ ತಿಳಿಸಬೇಕು, 15 ದಿನಗಳೊಳಗೆ ಉತ್ತರ ಕೊಡಬೇಕು. ತೃಪ್ತಿಯಾಗದಿದ್ದರೆ ಮುಂದಿನ 15 ದಿನಗಳಲ್ಲಿ ಪ್ರಾಧಿಕಾರಕ್ಕೆ ಮೇಲ್ಮನವಿ. ಕಾರ್ಯಕ್ರಮದ ಹೆಸರು, ತಾರೀಖು, ಗಂಟೆ ಬರೆದಿಟ್ಟುಕೊಂಡಿರುವುದು ಅಗತ್ಯ. ಪ್ರಸಾರವಾದುದರ ಮುದ್ರಿಕೆಯನ್ನು ವಾಹಿನಿಗಳು 90 ದಿನ ಕಾಪಾಡಬೇಕೆಂಬ ನಿಬಂಧನೆಯುಂಟು.