ಹಳೆಯ ಕಾರು, ಹೊಸ ತಕರಾರು

ನನ್ನ ಷಡ್ಡಕರು ಮೈಸೂರಿನಲ್ಲಿದ್ದಾರೆ. ಕೆಲಸದಿಂದ ನಿವೃತ್ತರಾದ ಮೇಲೆ, ನಂಜನಗೂಡಿಗೂ ಮಗಳ ಮನೆಗೂ ಹೋಗಿಬರಲು ಅನುಕೂಲವಾಗುತ್ತದೆಂದು, ಬೆಂಗಳೂರಿನ ವರ್ತಕರೊಬ್ಬರ ಬಳಿ ಆರು ವರ್ಷ ಓಡಿದ್ದ ಕಾರೊಂದನ್ನು 4 ಲಕ್ಷ 20 ಸಾವಿರ ರೂಪಾಯಿಗೆ ಕೊಂಡರು. ಬಣ್ಣ ಹೊಳೆಯುತ್ತಿತ್ತು, ಸೀಟುಗಳಿಗೆ ಹೊಸ ಹೊದಿಕೆ ಬಂದಿತ್ತು. "ಆರು ತಿಂಗಳ ವಾರಂಟಿ ಇದೆ, ಬ್ರೇಕು ಗೀಕು ಎಲ್ಲಾ ಹೊಸದು ಸಾರ್, ಕಣ್ಣು ಮುಚ್ಚಿಕೊಂಡು ಓಡಿಸಿ" ಎಂದು ಅಂಗಡಿಯ ಹುಡುಗ ಹೇಳಿದ. ಕಣ್ಣು ಮುಚ್ಚಿಕೊಂಡು ಕಾರು ಓಡಿಸುವ ಆಸೆ ನಮ್ಮ ಷಡ್ಡಕರಿಗೇನೂ ಇರಲಿಲ್ಲ. ಆದರೂ ಆ ಮಾತು ಅವರಿಗೆ ಹಿತವಾಯಿತು.

ಮೂರನೆಯ ವಾರ ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಬ್ರೇಕಿನ ಪೆಡಲು ಮೆತ್ತಗಾಗಿ ಕೆಳಕ್ಕೆ ಕುಸಿಯಿತು. ಮೂರು ನಾಲ್ಕು ಸಲ ತುಳಿದ ಮೇಲೆ ಸ್ವಲ್ಪ ಹಿಡಿಯಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ಹೇಗೋ ಬೆಟ್ಟದ ಬದಿಗೆ ಒರಗಿಸಿ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಮೊಮ್ಮಗಳಿದ್ದಳು.

ವರ್ತಕರಿಗೆ ಫೋನು ಮಾಡಿದರೆ ಬಹಳ ಮರ್ಯಾದೆಯಿಂದಲೇ ಮಾತನಾಡಿದರು. "ತಂದುಬಿಡಿ ಸಾರ್, ನೋಡಿಕೊಡೋಣ" ಎಂದರು. ಬ್ರೇಕ್ ಆಯಿಲ್ ತುಂಬಿ ಕಳುಹಿಸಿದರು. ಹದಿನೈದು ದಿನಕ್ಕೆ ಪೆಡಲು ಮತ್ತೆ ಕುಸಿಯಿತು. ಮತ್ತೆ ತಂದರು, ಮತ್ತೆ ಆಯಿಲ್. ಹೀಗೆ ನಾಲ್ಕು ತಿಂಗಳು ಕಳೆಯಿತು, ಗಾಡಿ 5 ಸಾವಿರ ಕಿಲೋಮೀಟರು ಓಡಿತು. ಕೊನೆಗೆ ನನ್ನ ನಾದಿನಿಯ ಒತ್ತಾಯದ ಮೇಲೆ, ಕಾರು ಹಿಂದಕ್ಕೆ ತೆಗೆದುಕೊಂಡು ಹಣ ಕೊಟ್ಟುಬಿಡಿ ಎಂದು ಕೇಳಿದಾಗ, ವರ್ತಕರು ವಾರಂಟಿಯ ಕಾಗದವನ್ನು ಮುಂದಿಟ್ಟರು. ಅದರಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಮಾತ್ರ ಭರವಸೆ. ಬ್ರೇಕು, ಕ್ಲಚ್ಚು, ಟೈರು, ಬ್ಯಾಟರಿ ಇವೆಲ್ಲ 'ಸವೆಯುವ ಭಾಗಗಳು'; ಅವಕ್ಕೆ ವಾರಂಟಿ ಇಲ್ಲ.

ಇಂಥ ಕಾಗದಗಳ ಒಕ್ಕಣೆ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. ಕಾರು ಓಡದಂತೆ ಮಾಡುವ ದೋಷಕ್ಕೆ ಭರವಸೆಯುಂಟು. ಕಾರು ನಿಲ್ಲದಂತೆ ಮಾಡುವ ದೋಷಕ್ಕೆ ಇಲ್ಲ.

ಪೆಡಲು ಕುಸಿಯುವುದರ ಕಾರಣ ದೊಡ್ಡ ರಹಸ್ಯವೇನಲ್ಲ. ನಾವು ಪೆಡಲು ತುಳಿದಾಗ ಮಾಸ್ಟರ್ ಸಿಲಿಂಡರ್ ಎಂಬ ಕೊಳವೆಯೊಳಗಿನ ಪಿಸ್ಟನ್ನು ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ಅದುಮುತ್ತದೆ. ಪಿಸ್ಟನ್ನಿನ ಸುತ್ತಲಿನ ರಬ್ಬರ್ ಸವೆದಿದ್ದರೆ ಆಯಿಲ್ ಮುಂದಕ್ಕೆ ಹೋಗದೆ ಹಿಂದಕ್ಕೆ ಜಾರಿಕೊಳ್ಳುತ್ತದೆ. ಮೇಲಿನಿಂದ ಆಯಿಲ್ ಹೊಯ್ದರೆ ವಾಸಿಯಾಗುವ ಕಾಯಿಲೆ ಇದಲ್ಲ. ಕಾರು ಕೊಳ್ಳುವ ಮುನ್ನ ನೀವೇ ಪರೀಕ್ಷಿಸಬಹುದು: ಎಂಜಿನ್ ನಿಲ್ಲಿಸಿ, ಪೆಡಲನ್ನು ಕೆಲವು ಸಲ ಒತ್ತಿ, ಆಮೇಲೆ ಒಂದು ನಿಮಿಷ ಒಂದೇ ಸಮನೆ ತುಳಿದು ಹಿಡಿಯಿರಿ. ಪಾದದ ಕೆಳಗೆ ಅದು ಮೆಲ್ಲಮೆಲ್ಲನೆ ಇಳಿಯುತ್ತ ಹೋದರೆ ಎಲ್ಲೋ ಸೋರಿಕೆಯುಂಟು.

ಇನ್ನು ಕಾನೂನಿನ ಮಾತು. ವಾರಂಟಿಯ ಕಾಗದದಲ್ಲಿ ಇಲ್ಲದ್ದು ನಮಗೆ ದಕ್ಕುವುದೇ ಇಲ್ಲವೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ನಮ್ಮ ಸರಕು ಮಾರಾಟದ ಕಾಯಿದೆ 1930ರ ಜುಲೈ 1ರಿಂದ ಜಾರಿಯಲ್ಲಿದೆ. ಅದು ಮಾರಾಟದ ಕರಾರಿನಲ್ಲಿ ಎರಡು ಬಗೆಯ ಮಾತುಗಳನ್ನು ಗುರುತಿಸುತ್ತದೆ. ಒಂದು, ಷರತ್ತು, ಇನ್ನೊಂದು, ವಾರಂಟಿ. ಷರತ್ತು ವ್ಯಾಪಾರದ ಬೇರು. ಅದು ಮುರಿದರೆ ಕೊಂಡವನು ಸರಕನ್ನು ತಿರಸ್ಕರಿಸಿ ಹಣ ವಾಪಸು ಕೇಳಬಹುದು. ವಾರಂಟಿ ಅದರ ಕೊಂಬೆಯಿದ್ದಂತೆ. ಮುರಿದರೆ ನಷ್ಟ ಪರಿಹಾರ ಮಾತ್ರ, ಸರಕನ್ನು ಹಿಂದಿರುಗಿಸುವಂತಿಲ್ಲ. ವರ್ತಕನಾದವನು ವಿವರಣೆ ಕೊಟ್ಟು ಮಾರುವ ಸರಕು ಮಾರಾಟಕ್ಕೆ ಯೋಗ್ಯವಾದ ಗುಣದ್ದಾಗಿರಬೇಕೆಂಬುದು, ಕಾಗದದಲ್ಲಿ ಬರೆಯದೆ ಹೋದರೂ, 16ನೆಯ ಕಲಮಿನ ಪ್ರಕಾರ ಒಂದು ಷರತ್ತು. ಹಳೆಯ ಕಾರಿನಲ್ಲಿ ಸಣ್ಣಪುಟ್ಟ ತೊಂದರೆ ನಿರೀಕ್ಷಿಸಬೇಕಾದುದೇ. ಆದರೆ ರಸ್ತೆಯ ಮೇಲೆ ಓಡಿಸುವುದೇ ಅಪಾಯ ಎಂಬಂಥ ಕಾರನ್ನು ಯೋಗ್ಯವೆನ್ನುವುದು ಕಷ್ಟ.

ಹಾಗಾದರೆ ಷಡ್ಡಕರು ಎಡವಿದ್ದೆಲ್ಲಿ? ಅವರ ತಾಳ್ಮೆಯಲ್ಲಿ. ಸರಕನ್ನು ಒಮ್ಮೆ ಸ್ವೀಕರಿಸಿದ ಮೇಲೆ ಷರತ್ತು ಮುರಿದದ್ದನ್ನು ವಾರಂಟಿ ಮುರಿದಂತೆ ಮಾತ್ರ ಎಣಿಸಬೇಕೆಂದು 13ನೆಯ ಕಲಮು ಹೇಳುತ್ತದೆ. ಸ್ವೀಕರಿಸುವುದೆಂದರೇನು? ಬೇಡವೆಂದು ತಿಳಿಸದೆ, ಯುಕ್ತವಾದ ಕಾಲಕ್ಕಿಂತ ಹೆಚ್ಚು ದಿನ ಇಟ್ಟುಕೊಳ್ಳುವುದೂ ಸ್ವೀಕಾರವೇ ಎಂದು 42ನೆಯ ಕಲಮು. ಎಷ್ಟು ದಿನವೆಂದು ಕಾಯಿದೆ ಎಣಿಸಿ ಹೇಳಿಲ್ಲ. ಅದನ್ನು ಸಂದರ್ಭ ನೋಡಿ ತೀರ್ಮಾನಿಸಬೇಕು. ನಾಲ್ಕು ತಿಂಗಳು ಓಡಿಸಿ ಆಮೇಲೆ ಕಾರು ಬೇಡವೆಂದರೆ ವಾದ ಬಲವಾಗಿ ನಿಲ್ಲುವುದಿಲ್ಲ.

ನಮ್ಮ ಕಾಯಿದೆ ಇಂಗ್ಲೆಂಡಿನ 1893ರ ಕಾಯಿದೆಯನ್ನು ಅನುಸರಿಸಿ ರಚಿತವಾದುದರಿಂದ ಅಲ್ಲಿನ ಹಳೆಯ ತೀರ್ಪುಗಳನ್ನು ಇಲ್ಲಿನ ವಕೀಲರೂ ಎತ್ತಿ ಹೇಳುವುದುಂಟು. 1977ರಲ್ಲಿ ವರದಿಯಾದ ಅಲ್ಲಿನ ಒಂದು ಮೊಕದ್ದಮೆ ನಮ್ಮ ಷಡ್ಡಕರ ಕಥೆಯ ಅಣ್ಣನಂತಿದೆ. ಹಳೆಯ ಮೋರಿಸ್ ಕಾರೊಂದನ್ನು ಕೊಂಡ ಮಹಿಳೆ ಅದನ್ನು ಮತ್ತೆ ಮತ್ತೆ ರಿಪೇರಿಗೆ ಒಯ್ದರು. ಅದು ಓಡಿಸಲು ಅಪಾಯಕರ, ಆದುದರಿಂದ ಮಾರಾಟಕ್ಕೆ ಯೋಗ್ಯವಲ್ಲ ಎಂದು ನ್ಯಾಯಾಲಯವೇ ಒಪ್ಪಿತು. ಆದರೆ ಕಾಲ ಮೀರಿದ್ದರಿಂದ ಹಿಂದಿರುಗಿಸುವ ಹಕ್ಕು ಹೋಗಿತ್ತು. ನಷ್ಟ ಪರಿಹಾರವಷ್ಟೇ ಸಿಕ್ಕಿತು. ಇಂಗ್ಲೆಂಡಿನಲ್ಲಿ ಈಚೆಗೆ, 2015ರ ಕಾಯಿದೆಯಿಂದ, ವರ್ತಕರಿಂದ ಕೊಂಡ ದೋಷಯುಕ್ತ ವಸ್ತುವನ್ನು ಸಾಮಾನ್ಯವಾಗಿ 30 ದಿನದೊಳಗೆ ತಿರಸ್ಕರಿಸಬಹುದೆಂದು ಖಚಿತವಾಗಿ ಗೊತ್ತುಮಾಡಿದ್ದಾರೆ. ನಮ್ಮ ಸರಕು ಮಾರಾಟದ ಕಾಯಿದೆಯಲ್ಲಿ ಅಂಥ ದಿನಗಣನೆ ಇಲ್ಲದಿರುವುದರಿಂದ ಆದಷ್ಟು ಬೇಗ ಬರೆದು ತಿಳಿಸುವುದೇ ಕ್ಷೇಮ. ರಿಪೇರಿಗೆ ಬಿಡುವಾಗಲೂ, "ಇದು ಸರಿಹೋಗದಿದ್ದರೆ ಕಾರನ್ನು ಹಿಂದಿರುಗಿಸುವ ನನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ" ಎಂದು ಒಂದು ಸಾಲು ಬರೆದು, ತಾರೀಖು ಹಾಕಿ ಕೊಡಿ. ಅಲ್ಲಿಯವರೆಗೆ ಗಾಡಿಯನ್ನು ಓಡಿಸಬೇಡಿ. ಇದು ಕಾನೂನಿಗಾಗಿ ಮಾತ್ರ ಹೇಳಿದ್ದಲ್ಲ.

ಅದೇ 16ನೆಯ ಕಲಮಿನಲ್ಲಿ ಇನ್ನೊಂದು ತೊಡಕೂ ಉಂಟು. ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಾಗಿದ್ದ ದೋಷಗಳಿಗೆ ಈ ಷರತ್ತು ಅನ್ವಯಿಸದು. ಬಾನೆಟ್ ಎತ್ತಿ ಗಂಭೀರವಾಗಿ ತಲೆದೂಗಿ ಮುಚ್ಚುವ ನಮ್ಮಂಥವರು ಇದನ್ನು ನೆನಪಿಡಬೇಕು. ತಿಳಿದ ಮೆಕ್ಯಾನಿಕ್ಕನ್ನು ಕರೆದೊಯ್ದು ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿಸಿ ನೋಡುವುದು ಉತ್ತಮ. ಹಾಗೆಯೇ 'ಇದ್ದ ಸ್ಥಿತಿಯಲ್ಲಿಯೇ ಮಾರಲಾಗಿದೆ' ಎಂಬ ಒಕ್ಕಣೆಗೆ ಓದದೆ ರುಜು ಹಾಕಬಾರದು. ಬರೆಯದ ಷರತ್ತುಗಳನ್ನು ಬರೆದ ಕರಾರಿನಿಂದ ತೆಗೆದುಹಾಕಲು ಕಾಯಿದೆಯ 62ನೆಯ ಕಲಮು ಅವಕಾಶ ಕೊಡುತ್ತದೆ.

ಬಾಯಿಮಾತಿಗೆ ಬೆಲೆಯಿಲ್ಲವೇ? ಉಂಟು, ಆದರೆ ಯಾರ ಬಾಯಿ ಎಂಬುದರ ಮೇಲೆ. ಇಂಗ್ಲೆಂಡಿನದೇ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1957ರಲ್ಲಿ ವರದಿಯಾದ ಮೊಕದ್ದಮೆಯಲ್ಲಿ ಒಬ್ಬ ಸಾಮಾನ್ಯ ಗೃಹಸ್ಥ ತನ್ನ ಹಳೆಯ ಕಾರನ್ನು ವರ್ತಕರಿಗೆ ಕೊಟ್ಟು ಹೊಸದನ್ನು ಕೊಂಡ. ಹಳೆಯದು 1948ರದು ಎಂದು ಹೇಳಿದ್ದ. ನೋಂದಣಿ ಪುಸ್ತಕದಲ್ಲೂ ಹಾಗೆಯೇ ಇತ್ತು. ಅದು ನಿಜವಾಗಿ 1939ರ ಮಾದರಿ. ಪಾಪ, ಅವನಿಗೇನು ಗೊತ್ತು? ಕಾರುಗಳನ್ನು ಬಲ್ಲವರು ವರ್ತಕರೇ ಆದುದರಿಂದ ಅವನ ಮಾತು ಕರಾರಲ್ಲವೆಂದು ತೀರ್ಪಾಯಿತು. 1965ರಲ್ಲಿ ವರದಿಯಾದ ಮೊಕದ್ದಮೆಯಲ್ಲಿ ಒಬ್ಬ ವರ್ತಕ, ಬೆಂಟ್ಲಿ ಕಾರಿಗೆ ಬೇರೆ ಎಂಜಿನ್ ಹಾಕಿದ ಮೇಲೆ 20 ಸಾವಿರ ಮೈಲಿ ಮಾತ್ರ ಓಡಿದೆ ಎಂದು ಹೇಳಿ ಮಾರಿದ. ಅದು ಓಡಿದ್ದದ್ದು ಸುಮಾರು 1 ಲಕ್ಷ ಮೈಲಿ. ಅವನ ಮಾತು ವಾರಂಟಿಯೇ ಎಂದು ಅದೇ ಮೇಲ್ಮನವಿ ನ್ಯಾಯಾಲಯ ಹೇಳಿತು. ತಿಳಿಯುವ ಅವಕಾಶವಿದ್ದವನು ಆಡಿದ ಮಾತಿಗೆ ಅವನೇ ಬಾಧ್ಯ. ಆದರೆ ಆಡಿದನೆಂಬುದನ್ನು ನಾವು ತೋರಿಸಬೇಕಲ್ಲ? "ಬ್ರೇಕು ಹೊಸದು, ಅಪಘಾತವಾಗಿಲ್ಲ, ನೀರಿನಲ್ಲಿ ಮುಳುಗಿಲ್ಲ, ಇಷ್ಟೇ ಕಿಲೋಮೀಟರು ಓಡಿದೆ" ಎಂಬ ನಾಲ್ಕು ಮಾತನ್ನು ರಸೀದಿಯ ಹಿಂಭಾಗದಲ್ಲಿ ಬರೆದುಕೊಡಿ ಎಂದು ಕೇಳಿ. ಬರೆಯಲು ಒಪ್ಪದ ವರ್ತಕ, ಬರೆಯದೆಯೇ ಬಹಳ ಹೇಳಿದಂತಾಯಿತು.

ನೀರಿನ ಮಾತು ಏಕೆ ಬಂತೆಂದರೆ, 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಗಳ ಕಡೆ ಎಷ್ಟೋ ಕಾರುಗಳು ನೆಲಮಾಳಿಗೆಗಳಲ್ಲಿ ಮುಳುಗಿದ್ದವು. ಇಂಥ ಕಾರುಗಳು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಮರಳುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರಬಹುದು. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕನ್ನೂ ಗಮನಿಸಿ.

ಏರ್‌ಬ್ಯಾಗಿನ ವಿಷಯ ಇನ್ನೂ ಸೂಕ್ಷ್ಮ. ಜಪಾನಿನ ಟಕಾಟ ಕಂಪನಿಯ ಏರ್‌ಬ್ಯಾಗುಗಳಲ್ಲಿ ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕವಿತ್ತು. ವರ್ಷಗಟ್ಟಲೆ ಸೆಕೆಯಲ್ಲೂ ತೇವದಲ್ಲೂ ಇದ್ದರೆ ಅದು ಕೆಡುತ್ತದೆ. ಆಗ ಚೀಲ ಉಬ್ಬುವ ಬದಲು ಲೋಹದ ಚೂರುಗಳು ಸಿಡಿಯಬಹುದು. ಹೊರದೇಶಗಳಲ್ಲಿ ಜೀವಗಳು ಹೋದವು, ಕೋಟ್ಯಂತರ ಕಾರುಗಳನ್ನು ಹಿಂದಕ್ಕೆ ಕರೆಸಿದರು, ಭಾರತದಲ್ಲೂ ಕರೆಸಿದರು. ಕರಾವಳಿಯಲ್ಲಿ ವಾಸವಾಗಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಂಥ ದೋಷವನ್ನು ತಯಾರಕರು ಉಚಿತವಾಗಿ ಸರಿಪಡಿಸಿಕೊಡುತ್ತಾರೆ. ಆದರೆ ಅವರ ಕಾಗದ ಮೊದಲ ಮಾಲೀಕನ ವಿಳಾಸಕ್ಕೆ ಹೋಗಿ ಕುಳಿತಿರಬಹುದು. ಎರಡನೆಯ ಮಾಲೀಕನು ತಾನಾಗಿಯೇ ಕಾರಿನ ಚಾಸಿ ನಂಬರನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಕೊಟ್ಟು ವಿಚಾರಿಸಬೇಕು.

ತಕರಾರು ಬಂದಾಗ, "ನಾನು ಬರೀ ಮಧ್ಯವರ್ತಿ, ಮಾಲೀಕರು ಬೇರೆ" ಎಂದು ಜಾರಿಕೊಳ್ಳುವ ವರ್ತಕರಿದ್ದಾರೆ. 2023ರ ಏಪ್ರಿಲ್ 1ರಿಂದ, ಹಳೆಯ ವಾಹನಗಳ ವರ್ತಕರು ಸಾರಿಗೆ ಅಧಿಕಾರಿಗಳಿಂದ ಐದು ವರ್ಷಕ್ಕೊಮ್ಮೆ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಮಾಲೀಕನು ಗಾಡಿಯನ್ನು ಅಂಥ ವರ್ತಕನಿಗೆ ಒಪ್ಪಿಸಿದ್ದನ್ನು ನಿಯಮದಂತೆ ತಿಳಿಸಿದ ಮೇಲೆ ವರ್ತಕನನ್ನೇ ಮಾಲೀಕನೆಂದು ಭಾವಿಸಲಾಗುತ್ತದೆ. ಅಧಿಕಾರಪತ್ರ ತೋರಿಸಿ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಗಾಡಿಯ ವಿಮೆಯನ್ನೂ ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇತರರಿಗೆ ಆದ ಹಾನಿಯ ವಿಮೆ ಗಾಡಿಯ ಜೊತೆಗೇ ಬರುತ್ತದೆ. ನಿಮ್ಮ ಕಾರಿಗೆ ಆದ ಹಾನಿಯ ವಿಮೆ ತಾನಾಗಿ ಬರುವುದಿಲ್ಲ.

ಮಾತಿನಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿಯೇ ಸಾಕು. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ವರ್ತಕ ಬೆಂಗಳೂರಿನವನಾದರೂ ನೀವು ವಾಸವಾಗಿರುವ ಊರಿನ ಆಯೋಗಕ್ಕೇ ಹೋಗಬಹುದು. ಅವಧಿ ಎರಡು ವರ್ಷ. 1915 ಎಂಬ ಸಹಾಯವಾಣಿಗೆ ಮೊದಲು ಫೋನು ಮಾಡಿದರೂ ಆದೀತು. ಆದರೆ ದೋಷ ಕೊಳ್ಳುವಾಗಲೇ ಇತ್ತೆಂದು ತೋರಿಸುವ ಹೊಣೆ ನಿಮ್ಮದು. ಬೇರೊಂದು ಗ್ಯಾರೇಜಿನ ಬರಹದ ವರದಿಯೂ ಕಳಚಿದ ಹಳೆಯ ಭಾಗವೂ ಕೈಯಲ್ಲಿರಬೇಕು. ಪಕ್ಕದ ಮನೆಯವರಿಂದ ಕೊಂಡ ಕಾರಿಗೆ ಈ ದಾರಿಯಿಲ್ಲ, ಏಕೆಂದರೆ ಅವರು ವರ್ತಕರಲ್ಲ.

ಷಡ್ಡಕರು ಮೈಸೂರಿನ ಒಂದು ಗ್ಯಾರೇಜಿನಲ್ಲಿ ಮಾಸ್ಟರ್ ಸಿಲಿಂಡರನ್ನು ಬದಲಾಯಿಸಿದರು. ಕಳಚಿದ ಹಳೆಯದು ಒಂದು ಡಬ್ಬಿಯಲ್ಲಿ, ಬಿಲ್ಲಿನ ಜೊತೆ, ಅವರ ಬೀರುವಿನಲ್ಲಿದೆ. ಕಾರು ಹಿಂದಿರುಗಿಸುವ ಮಾತನ್ನು ವಕೀಲರ ಸಲಹೆಯಂತೆ ಬಿಟ್ಟು, ರಿಪೇರಿಯ ಖರ್ಚನ್ನೂ ಪರಿಹಾರವನ್ನೂ ಕೇಳಿ ದೂರು ಸಲ್ಲಿಸಿದ್ದಾರೆ. ಕೊಳ್ಳುವ ಮೊದಲು ಅಂಗಡಿಯ ಹುಡುಗ ಕಾರಿನ ಚಿತ್ರದ ಜೊತೆ ವಾಟ್ಸಾಪಿನಲ್ಲಿ ಕಳುಹಿಸಿದ್ದ ಒಂದು ಸಾಲನ್ನು ನಾದಿನಿ ಹುಡುಕಿ ತೆಗೆದರು: "ಬ್ರೇಕ್ ಎಲ್ಲಾ ಹೊಸದು ಸಾರ್." ಅದನ್ನೂ ದೂರಿಗೆ ಲಗತ್ತಿಸಲಾಗಿದೆ. ವಿಚಾರಣೆ ಮುಂದಿನ ತಿಂಗಳಿದೆ.