ಬಳೆ ಒತ್ತಿದಲ್ಲೇ ನೀಲಿಗಟ್ಟುವ ಕೈ

ಭೀಮಾ ತೀರದ ಘತ್ತರಗಿಗೆ ಭಾಗ್ಯವಂತಿಯ ದರ್ಶನಕ್ಕೆಂದು ಬಂದ ಹೆಣ್ಣುಮಗಳು ಬಳೆ ಇಡಿಸಿಕೊಳ್ಳುವಾಗ ಅಂಗೈ ಒತ್ತಿದ ಜಾಗ ತುಸು ಕೆಂಪಾಗಿ ಮಾಯುವುದು ಸಹಜ. ಅದೇ ಜಾಗ ನೀಲಿಗಟ್ಟಿ ವಾರವಾದರೂ ಉಳಿದರೆ? ಕುಕ್ಕರಗಾಲಲ್ಲಿ ಕೂತವಳಿಗೆ ಮೊಣಕಾಲಿಗೆ ಕೈ ಊರದೆ ಏಳಲಾಗದಿದ್ದರೆ? ಮೂರು-ನಾಲ್ಕು ತಿಂಗಳೊಳಗೆ ಮಾರಿ ದುಂಡಗಾಗಿ, ಗದ್ದದ ಮೇಲೆ ಗಡಸು ಕೂದಲು ಮೂಡಿ, ಬಿಪಿ, ಶುಗರ್ ಎರಡೂ ಜೊತೆಗೇ ಕಾಣಿಸಿಕೊಂಡಿದ್ದರೆ? ಒಂದೊಂದಕ್ಕೂ ನಮ್ಮಲ್ಲಿ ಒಂದೊಂದು ಸಮಾಧಾನ ಸಿದ್ಧವಿದೆ. ಮಾರಿ ತುಂಬಿದರೆ ಮೈ ಬಂತು ಅನ್ನುತ್ತೇವೆ, ಕಾಲು ಸೋತರೆ ವಯಸ್ಸು ಅನ್ನುತ್ತೇವೆ, ಗದ್ದದ ಕೂದಲನ್ನು ಸೆರಗು ಮುಚ್ಚುತ್ತದೆ. ಹೀಗೆ ಬಿಡಿಸಿಟ್ಟು ನೋಡುವುದೇ ತಪ್ಪು. ಇವೆಲ್ಲ ಒಟ್ಟಿಗೆ, ಅದೂ ಅವಸರದಲ್ಲಿ ಬಂದಿವೆ ಎಂಬುದೇ ಇಲ್ಲಿ ದೊಡ್ಡ ಸುಳಿವು.

ಆ ಸುಳಿವು ಬೆರಳು ತೋರುವುದು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿಗಳತ್ತ. ತೂಕದಲ್ಲಿ ಅವು ತಲಾ ನಾಲ್ಕೈದು ಗ್ರಾಂ. ಅವುಗಳ ಹೊರಪದರಕ್ಕೆ ಬರುವ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಹಾರ್ಮೋನು ಸುರಿಸುತ್ತವೆ, ಬಹುಪಾಲು ಕಾರ್ಟಿಸಾಲ್. ಅದು ತೊಡೆಯ ಸ್ನಾಯುವನ್ನು ಕರಗಿಸುತ್ತದೆ, ಚರ್ಮವನ್ನು ತೆಳುವಾಗಿಸಿ ಹೊಟ್ಟೆಯ ಮೇಲೆ ನೇರಳೆ ಬರೆ ಎಳೆಯುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಕ್ಯಾನ್ಸರಲ್ಲದ ಗಡ್ಡೆ ಸಾಮಾನ್ಯವಾಗಿ ಒಂದೇ ಹಾರ್ಮೋನನ್ನು ನಿಧಾನವಾಗಿ ಸುರಿಸಿದರೆ, ಕ್ಯಾನ್ಸರ್ ಎಷ್ಟೋ ಸಲ ಕಾರ್ಟಿಸಾಲ್ ಜೊತೆಗೆ ಗಂಡು ಹಾರ್ಮೋನನ್ನೂ ಬೆರೆಸುತ್ತದೆ. ಹೆಂಗಸಿನ ದನಿ ಗಡಸಾಗಿ ಮುಟ್ಟು ನಿಲ್ಲುವುದು ಅದರಿಂದಲೇ. ಐದು ವರ್ಷ ತುಂಬದ ಮಗುವಿಗೆ ಗುಪ್ತಾಂಗದ ಸುತ್ತ ಕೂದಲು ಬಂದರೂ, ಗಂಡಸಿಗೆ ಎದೆ ಬೆಳೆದರೂ ಈ ಗ್ರಂಥಿಯತ್ತ ಒಮ್ಮೆ ನೋಡಬೇಕು.

ಇಷ್ಟು ಅಪರೂಪದ ರೋಗಕ್ಕೆ ಊರವರು ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೇಳಬಹುದು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು, ನಿಜ. ಆದರೆ 2011ರ ಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆಯೇ 25 ಲಕ್ಷ ದಾಟಿತ್ತು. ಆ ಲೆಕ್ಕದಲ್ಲಿ ಅಫಜಲಪುರ, ಆಳಂದ, ಜೇವರ್ಗಿ ಸೇರಿದ ಈ ಸೀಮೆಯಲ್ಲಿ ವರ್ಷಕ್ಕೆ ಎರಡರಿಂದ ಐದು ಜನ. ಮೊಣಕಾಲು ನೋವಿಗೆ, ದಮ್ಮಿಗೆ ನುಂಗುವ ಸ್ಟೀರಾಯ್ಡ್ ಮಾತ್ರೆಯೂ ಮಾರಿಯನ್ನು ಹೀಗೇ ಉಬ್ಬಿಸುತ್ತದಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹೌದು, ಅಂಥವರೇ ಹೆಚ್ಚು. ಹಾಗಾಗಿ ತಿನ್ನುತ್ತಿರುವ ಮಾತ್ರೆಯ ಚೀಟಿ ತೋರಿಸುವುದೇ ಮೊದಲ ಕೆಲಸ (ಅದನ್ನು ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ). ಇನ್ನು ಅಂಡಾಶಯದ ತೊಂದರೆಯಾದ ಪಿಸಿಒಡಿಯಿಂದ ಗದ್ದದ ಮೇಲೆ ಬರುವ ಕೂದಲಾದರೋ ಹರೆಯದಲ್ಲೇ ಶುರುವಾಗಿ ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ. ನಲವತ್ತೈದರಲ್ಲಿ, ಮೂರೇ ತಿಂಗಳಲ್ಲಿ ಬಂದ ಗಡ್ಡಕ್ಕೆ ಆ ಹೆಸರು ಹೊಂದದು.

ಪರೀಕ್ಷೆಯೂ ಹೆದರುವಂಥದ್ದಲ್ಲ. ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಮಾತ್ರೆ, ಬೆಳಿಗ್ಗೆ 8ಕ್ಕೆ ಒಂದು ಸಿರಿಂಜ್ ರಕ್ತ. ಆಗಲೂ ಕಾರ್ಟಿಸಾಲ್ ಇಳಿಯದಿದ್ದರೆ ಮುಂದಿನ ಹಾರ್ಮೋನು ಪರೀಕ್ಷೆ, ಹೊಟ್ಟೆಯ ಸಿಟಿ ಸ್ಕ್ಯಾನ್. ಗಡ್ಡೆ ಗ್ರಂಥಿಯೊಳಗೇ ಇರುವಾಗ ಒಡೆಯದಂತೆ ಇಡಿಯಾಗಿ ತೆಗೆಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಹಾಗೆ ದಾಟುವವರು ಹತ್ತರಲ್ಲಿ ಒಬ್ಬಿಬ್ಬರು.