ಹಳೆಯ ಗಣಕವ್ಯವಸ್ಥೆಗಳ ಪುನರುಜ್ಜೀವನ: ಎಮ್ಯುಲೇಟರಿನ ಅಳವಡಿಕೆಯ ಕ್ರಮ

ಓಲೆಗರಿಯ ಕಟ್ಟೊಂದು ಎರಡು ಮೂರು ಶತಮಾನಗಳ ಬಳಿಕ ಕೈಗೆ ದೊರೆತರೂ ಅದನ್ನು ಓದಲು ಬೇಕಾದುವು ಬೆಳಕು, ಕಣ್ಣು, ಲಿಪಿಜ್ಞಾನ ಈ ಮೂರೇ. 1990ರ ದಶಕದಲ್ಲಿ ಫ್ಲಾಪಿಯೊಂದರಲ್ಲಿ ಉಳಿಸಿದ ಕನ್ನಡ ಬರಹದ ಸ್ಥಿತಿ ಹಾಗಲ್ಲ. ಅದು ಬರಿಗಣ್ಣಿಗೆ ಕಾಣುವುದೇ ಇಲ್ಲ. ಅದನ್ನು ತೋರಿಸಲು ಅದನ್ನು ಬರೆದ ತಂತ್ರಾಂಶ ಬೇಕು. ಆ ತಂತ್ರಾಂಶ ನಡೆಯಲು ಅದರ ಕಾಲದ ಕಾರ್ಯಾಚರಣ ವ್ಯವಸ್ಥೆ ಬೇಕು. ಆ ವ್ಯವಸ್ಥೆ ನಿಲ್ಲಲು ಅದಕ್ಕೆ ತಕ್ಕ ಯಂತ್ರ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮೂವತ್ತು ವರ್ಷದ ಬರಹವು ಮುನ್ನೂರು ವರ್ಷದ ಓಲೆಗಿಂತ ದುರ್ಗಮವಾಗುತ್ತದೆ. ಹೊರನಾಡಿನ ಕನ್ನಡಸಂಘಗಳ ಬೀರುಗಳಲ್ಲಿ ಅಂಥ ಫ್ಲಾಪಿಗಳು ಇನ್ನೂ ಉಳಿದಿದ್ದರೆ, ಅವುಗಳನ್ನು ಓದುವ ಬಗೆಯನ್ನು ತಿಳಿಯುವುದು ಕೇವಲ ಕುತೂಹಲದ ಮಾತಲ್ಲ.

ಮೂಲಯಂತ್ರವು ಇಲ್ಲವಾದಾಗ ಅದರ ನಡವಳಿಕೆಯನ್ನೇ ಹೊಸ ಯಂತ್ರದಲ್ಲಿ ತಂತ್ರಾಂಶದ ಮೂಲಕ ಅನುಕರಿಸುವ ಸಾಧನಕ್ಕೆ ಎಮ್ಯುಲೇಟರ್ ಎಂದು ಹೆಸರು. ಈ ವಿಚಾರವು ಹೊಸತಲ್ಲ. 1964ರಲ್ಲಿ ಐಬಿಎಂ ಸಂಸ್ಥೆಯು ಸಿಸ್ಟಂ 360 ಎಂಬ ಗಣಕಶ್ರೇಣಿಯನ್ನು ಹೊರತಂದಾಗ, ಹಳೆಯ 1401 ಯಂತ್ರಕ್ಕೆಂದು ಬರೆದ ಕ್ರಮವಿಧಿಗಳು ವ್ಯರ್ಥವಾಗದಂತೆ ಅವುಗಳನ್ನು ಹೊಸ ಯಂತ್ರದಲ್ಲಿಯೇ ನಡೆಸುವ ಏರ್ಪಾಡನ್ನು ಮಾಡಿತ್ತು. ಇಂದು ಡಾಸ್ ಕಾಲದ ಕ್ರಮವಿಧಿಗಳಿಗೆ 2002ರಲ್ಲಿ ಮೊದಲು ಹೊರಬಂದ ಡಾಸ್‌ಬಾಕ್ಸ್, ವಿಂಡೋಸ್ 95 ಮತ್ತು 98ಕ್ಕೆ ಡಾಸ್‌ಬಾಕ್ಸ್-ಎಕ್ಸ್ ಮತ್ತು 86ಬಾಕ್ಸ್, ಹಲವು ಬಗೆಯ ಯಂತ್ರಗಳಿಗೆ ಫಾಬ್ರೀಸ್ ಬೆಲಾರ್ 2003ರಲ್ಲಿ ಪ್ರಕಟಿಸಿದ ಕ್ಯೂಎಮು ಇವು ಬಳಕೆಯಲ್ಲಿವೆ.

ಇವನ್ನು ಪಡೆದುಕೊಂಡ ಮಾತ್ರಕ್ಕೆ ಕೆಲಸ ಮುಗಿಯದು. ಯಾವ ಯಂತ್ರವನ್ನು ಅನುಕರಿಸಬೇಕು, ಅದರ ವೇಗವೆಷ್ಟು, ನೆನಪಿನ ಪ್ರಮಾಣವೆಷ್ಟು, ತಟ್ಟೆಯ ಆಕಾರವೇನು ಎಂಬುದನ್ನು ಬಳಸುವವನೇ ಹೇಳಬೇಕು. ಡಾಸ್‌ಬಾಕ್ಸಿನಲ್ಲಿ ಇದೆಲ್ಲವನ್ನೂ ಸಾದಾ ಅಕ್ಷರದ ಒಂದು ಕಡತದಲ್ಲಿ ಬರೆದಿಡುತ್ತಾರೆ. ಹಳೆಯ ಕ್ರಮವಿಧಿಗಳನ್ನು ಬರೆದವರು ತಮ್ಮ ಎದುರಿಗಿದ್ದ ಯಂತ್ರವನ್ನೇ ಶಾಶ್ವತವೆಂದು ಭಾವಿಸಿ ಬರೆದರು. ಆದುದರಿಂದ ಹೆಚ್ಚಿನ ಶಕ್ತಿಯನ್ನು ಒದಗಿಸುವುದು ಇಲ್ಲಿ ಉಪಕಾರವಲ್ಲ; ಅನೇಕ ವೇಳೆ ಅದೇ ಅಪಾಯ.

ಮೊದಲನೆಯದು ವೇಗ. 1981ರ ಐಬಿಎಂ ಪಿಸಿಯ ಸಂಸ್ಕಾರಕವು ಕ್ಷಣಕ್ಕೆ 47.7 ಲಕ್ಷ ಮಿಡಿತಗಳಲ್ಲಿ ನಡೆಯುತ್ತಿತ್ತು. ಇಂದಿನವು ನೂರಾರು ಕೋಟಿಗಳಲ್ಲಿ ನಡೆಯುತ್ತವೆ. ಈ ಅಂತರದಿಂದ ಆಗುವ ಕೇಡಿಗೆ ಟರ್ಬೊ ಪಾಸ್ಕಲ್ ಭಾಷೆಯಲ್ಲಿ ಬರೆದ ಕ್ರಮವಿಧಿಗಳ ‘ರನ್‌ಟೈಮ್ ಎರರ್ 200’ ಒಳ್ಳೆಯ ನಿದರ್ಶನ. ಆ ಭಾಷೆಯ ಒಂದು ಘಟಕವು ಪ್ರಾರಂಭದಲ್ಲಿಯೇ, ಗಡಿಯಾರದ ಒಂದು ಮಿಡಿತದ ಅವಧಿಯಲ್ಲಿ, ಎಂದರೆ ಸುಮಾರು 55 ಮಿಲಿಸೆಕೆಂಡುಗಳಲ್ಲಿ, ಯಂತ್ರವು ಎಷ್ಟು ಸುತ್ತು ಎಣಿಸಬಲ್ಲದು ಎಂದು ನೋಡುತ್ತದೆ. ಬಂದ ಎಣಿಕೆಯನ್ನು 55ರಿಂದ ಭಾಗಿಸುತ್ತದೆ. ಭಾಗಲಬ್ಧವನ್ನು ಇಡಲು ದೊರೆತಿರುವ ಸ್ಥಳದಲ್ಲಿ 65,535ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದು. ಎಣಿಕೆಯು 36,04,480ನ್ನು ಮುಟ್ಟಿತೆಂದರೆ ಭಾಗಾಕಾರವು ಮುರಿದು ಕ್ರಮವಿಧಿ ಅಲ್ಲಿಯೇ ನಿಲ್ಲುತ್ತದೆ. ಕ್ರಮವಿಧಿಯಾಗಲಿ ಕಡತವಾಗಲಿ ಕೆಟ್ಟಿಲ್ಲ. ಯಂತ್ರವು ಅದು ಊಹಿಸಿದುದಕ್ಕಿಂತ ಚುರುಕಾಗಿದೆ, ಅಷ್ಟೆ. ಡಾಸ್‌ಬಾಕ್ಸಿನಲ್ಲಿ ‘ಸೈಕಲ್ಸ್’ ಎಂಬ ಅಂಶಕ್ಕೆ 3000 ಎಂಬ ಬೆಲೆಯಿತ್ತು ಆರಂಭಿಸಿ, ಕಂಟ್ರೋಲ್ ಕೀಲಿಯೊಡನೆ ಎಫ್12ನ್ನು ಒತ್ತಿ ಮೆಲ್ಲಗೆ ಏರಿಸುವುದು, ಎಫ್11ನ್ನು ಒತ್ತಿ ಇಳಿಸುವುದು ಯುಕ್ತವಾದ ಕ್ರಮ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ವರ್ಚುವಲ್ ಮೆಷಿನ್ ಎಂಬ ಸಾಧನವು ಸಂಸ್ಕಾರಕವನ್ನು ಅನುಕರಿಸದೆ ಹಳೆಯ ವ್ಯವಸ್ಥೆಯ ಆಜ್ಞೆಗಳನ್ನು ಬಹುಮಟ್ಟಿಗೆ ಇಂದಿನ ಸಂಸ್ಕಾರಕಕ್ಕೇ ನೇರವಾಗಿ ಒಪ್ಪಿಸುತ್ತದೆ. ವೇಗವನ್ನು ತಗ್ಗಿಸುವ ಹಿಡಿತ ಅಲ್ಲಿ ಕಡಮೆ. ವಿಂಡೋಸ್ 95 ಅಲ್ಲಿ ಏಳುವ ಮೊದಲೇ ಮುಗ್ಗರಿಸುವುದಕ್ಕೆ ಇದೇ ಒಂದು ಕಾರಣ. ಅದರ ಜಾಲಸಂಪರ್ಕದ ಭಾಗವೂ ಹೀಗೆಯೇ ಕಾಲವನ್ನು ಅಳೆಯಹೋಗಿ, ಅತಿ ವೇಗದ ಯಂತ್ರದಲ್ಲಿ ಸೊನ್ನೆಯಿಂದ ಭಾಗಿಸುವ ತಪ್ಪಿಗೆ ಸಿಲುಕುತ್ತದೆ.

ಎರಡನೆಯದು ನೆನಪು. ಡಾಸ್ ವ್ಯವಸ್ಥೆಗೆ ನೇರವಾಗಿ ಸಿಕ್ಕುವುದು 640 ಕಿಲೊಬೈಟ್ ಮಾತ್ರ; ಅದರ ಮೇಲಿನದನ್ನು ಇಎಂಎಸ್, ಎಕ್ಸ್‌ಎಂಎಸ್ ಎಂಬ ಎರಡು ಪದ್ಧತಿಗಳಿಂದ ಪಡೆಯುತ್ತಿದ್ದರು. ಡಾಸ್‌ಬಾಕ್ಸ್ ತಾನಾಗಿ ಕೊಡುವ 16 ಮೆಗಾಬೈಟ್ ಡಾಸ್ ಕ್ರಮವಿಧಿಗಳಿಗೂ ವಿಂಡೋಸ್ 3.1ಕ್ಕೂ ಸಾಕು. ವಿಂಡೋಸ್ 95ಕ್ಕೆ 64 ಮೆಗಾಬೈಟ್ ಧಾರಾಳ. 480ನ್ನು ಮೀರಿದರೆ ಅದು ಏಳದಿರಬಹುದು. ವಿಂಡೋಸ್ 98 ಕೂಡ 512 ದಾಟಿದಾಗ ತೊಡಕಿಗೆ ಒಳಗಾಗುತ್ತದೆ. ಕಡತಗಳನ್ನು ಬೇಗನೆ ಒದಗಿಸಲೆಂದು ಇಟ್ಟ ತಾತ್ಕಾಲಿಕ ಸಂಗ್ರಹವು ನೆನಪಿನ ಪ್ರಮಾಣಕ್ಕೆ ಅನುಗುಣವಾಗಿ ಹಿಗ್ಗಿ, ವ್ಯವಸ್ಥೆಯ ಇತರ ಭಾಗಗಳಿಗೆ ಬೇಕಾದ ವಿಳಾಸಗಳನ್ನೆಲ್ಲ ತಾನೇ ಆಕ್ರಮಿಸಿಬಿಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಇಲ್ಲಿ ತಿರುಗಿಸಿ, ಕಾಲಿಗೆ ತಕ್ಕಷ್ಟೇ ಹಾಸಿಗೆಯನ್ನು ಹಾಸಬೇಕು ಎನ್ನಬಹುದು.

ಮೂರನೆಯದು ತಟ್ಟೆ. ಫ್ಲಾಪಿಯ ಪ್ರತಿಯೊಂದು ಭಾಗವನ್ನೂ ಇದ್ದಂತೆಯೇ ನಕಲಿಸಿಕೊಂಡ ಕಡತಕ್ಕೆ ಇಮೇಜ್ ಎನ್ನುತ್ತಾರೆ. 1.44 ಮೆಗಾಬೈಟ್ ಎಂದು ಹೆಸರಾದ ಫ್ಲಾಪಿಯಲ್ಲಿ ಎರಡು ಮುಖ, ಮುಖವೊಂದಕ್ಕೆ 80 ವರ್ತುಲ, ವರ್ತುಲಕ್ಕೆ 18 ಖಂಡ, ಖಂಡಕ್ಕೆ 512 ಬೈಟ್. ಗುಣಿಸಿದರೆ 14,74,560 ಬೈಟ್. ನಕಲು ಈ ಅಳತೆಗೆ ಒಂದು ಬೈಟ್ ಕಡಮೆಯಾದರೂ ಅದು ಅಪೂರ್ಣವೆಂದು ತಿಳಿಯಬಹುದು. ಹಳೆಯ ಬಯೋಸ್‌ಗಳ ಎಣಿಕೆ 1024 ಸಿಲಿಂಡರ್, 16 ಹೆಡ್, 63 ಖಂಡಗಳಿಗೆ ನಿಲ್ಲುತ್ತಿತ್ತಾದುದರಿಂದ 52,84,82,304 ಬೈಟ್‌ಗಿಂತ ದೊಡ್ಡ ಹಾರ್ಡ್ ಡಿಸ್ಕನ್ನು ಅವು ಪೂರ್ತಿಯಾಗಿ ಕಾಣಲಾರವು. ಡಾಸ್‌ಬಾಕ್ಸಿನ ‘ಮೌಂಟ್’ ಆಜ್ಞೆಯು ಇಂದಿನ ಯಂತ್ರದ ಒಂದು ಕೋಶವನ್ನು ಹಳೆಯ ವ್ಯವಸ್ಥೆಗೆ ತಟ್ಟೆಯಂತೆ ತೋರಿಸುತ್ತದೆ. ‘ಇಮ್ಜ್‌ಮೌಂಟ್’ ಆಜ್ಞೆಯು ನಿಜವಾದ ತಟ್ಟೆಯ ಇಮೇಜನ್ನೇ ಜೋಡಿಸುತ್ತದೆ. ಬಿಡಿ ಕ್ರಮವಿಧಿಗೆ ಮೊದಲನೆಯದು ಸಾಕು. ವಿಂಡೋಸ್ 95ರಂತಹ ವ್ಯವಸ್ಥೆ ತಾನೇ ಏಳಬೇಕಾದರೆ ಎರಡನೆಯದು ಬೇಕು. ಎರಡರಲ್ಲಿಯೂ ಮೂಲದ ಮೇಲೆ ಕೆಲಸ ಮಾಡದೆ ಪ್ರತಿಯ ಮೇಲೆ ಮಾಡುವುದು, ಫ್ಲಾಪಿಯನ್ನು ಯಂತ್ರಕ್ಕೆ ಹಾಕುವ ಮೊದಲು ಅದರ ಬರಹತಡೆಯ ಗುಂಡಿಯನ್ನು ಸರಿಸಿಡುವುದು ಅವಶ್ಯಕ.

ನಾಲ್ಕನೆಯದು ದೃಶ್ಯ ಮತ್ತು ಧ್ವನಿ. ಇಲ್ಲಿ ಮುಖ್ಯವಾದುದು ಶಕ್ತಿಯಲ್ಲ, ಒಮ್ಮತ. ಎಮ್ಯುಲೇಟರು ಎಸ್3 ಕಾರ್ಡನ್ನು ಅನುಕರಿಸುತ್ತಿದ್ದರೆ ಒಳಗಿನ ವಿಂಡೋಸಿಗೂ ಎಸ್3ರ ಡ್ರೈವರನ್ನೇ ಕೊಡಬೇಕು. ಇಲ್ಲವಾದರೆ 640 ಅಗಲ, 480 ಎತ್ತರದ ಪರದೆಯೂ 16 ಬಣ್ಣಗಳೂ ಮಾತ್ರ ದೊರೆಯುತ್ತವೆ. ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಡಾಸ್‌ಬಾಕ್ಸ್ ಇಡುವ ಗುರುತುಗಳು ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1. ಕ್ರಮವಿಧಿಯೊಳಗೆ ಐಆರ್‌ಕ್ಯೂ 5 ಎಂದು ಬರೆದಿದ್ದರೆ ಎರಡು ಕಡೆಯೂ ಸುಸ್ಥಿತಿಯಲ್ಲಿದ್ದೂ ಧ್ವನಿ ಹೊರಡದು.

ಇಷ್ಟೆಲ್ಲ ಸರಿಹೊಂದಿ ಕಡತವು ತೆರೆದ ಮೇಲೆ ಕನ್ನಡದ್ದೇ ಆದ ಪ್ರಶ್ನೆಯೊಂದು ಎದುರಾಗುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತಾದರೂ ವಿಂಡೋಸಿನಲ್ಲಿ ಅದನ್ನು ತೋರಿಸುವ ಸೌಕರ್ಯ ಬಂದುದು 2001ರ ಎಕ್ಸ್‌ಪಿಯೊಡನೆ. ಅದಕ್ಕೆ ಹಿಂದಿನ ಬರಹಗಳು ಮುಖ್ಯವಾಗಿ ಎರಡು ಬಗೆ. ಒಂದು, 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತ; ಇದರಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಕೂಡುತ್ತವೆಯಾದುದರಿಂದ ಯೂನಿಕೋಡಿಗೆ ಪರಿವರ್ತಿಸುವುದು ತಕ್ಕಮಟ್ಟಿಗೆ ಸುಲಭ. ಇನ್ನೊಂದು, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು. ಇವುಗಳಲ್ಲಿ ಬರಹವು ಕಣ್ಣಿಗೆ ಕಾಣುವ ಕ್ರಮದಲ್ಲಿ ಉಳಿಯುತ್ತದೆ. ‘ಅರ್ಕ’ ಎಂಬ ಪದವನ್ನು ನೋಡಬಹುದು. ಉಚ್ಚಾರಣೆಯಲ್ಲಿ ರೇಫವು ಕಕಾರಕ್ಕಿಂತ ಮೊದಲು; ಬರಹದಲ್ಲಿ ಅರ್ಕಾವೊತ್ತು ಅದರ ಬಲಕ್ಕೆ. ಯೂನಿಕೋಡಿನಲ್ಲಿ ಮೊದಲು ರಕಾರ, ಫಾಂಟಿನಲ್ಲಿ ಮೊದಲು ಕಕಾರ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ತೋರುತ್ತದೆ. ಹಳೆಯ ವ್ಯವಸ್ಥೆಯನ್ನು ಅದರ ಫಾಂಟಿನೊಡನೆ ಎಬ್ಬಿಸುವುದರ ನಿಜವಾದ ಪ್ರಯೋಜನ ಇಲ್ಲಿದೆ: ಪರಿವರ್ತನೆಯ ತಂತ್ರಾಂಶವು ಕೊಟ್ಟ ಪಾಠವನ್ನು ಮೂಲದ ಪುಟದೊಡನೆ ಸಾಲುಸಾಲಾಗಿ ಹೋಲಿಸಲು ಅದು ಅವಕಾಶವೀಯುತ್ತದೆ. ಗ್ರಂಥಸಂಪಾದಕನಿಗೆ ಮೂಲಪ್ರತಿ ಹೇಗೋ ಇಲ್ಲಿ ಆ ಪರದೆ ಹಾಗೆ.

ಈ ಉಪಾಯಕ್ಕೆ ಮಿತಿಗಳೂ ಉಂಟು. ಕೆಲವು ಮುದ್ರಣ ತಂತ್ರಾಂಶಗಳಿಗೆ ಪ್ರಿಂಟರಿನ ದ್ವಾರಕ್ಕೆ ಸಿಕ್ಕಿಸುವ ಬೀಗವೊಂದಿರುತ್ತಿತ್ತು. ಬೀಗವಿಲ್ಲದೆ ತಂತ್ರಾಂಶ ತೆರೆಯದು, ಎಮ್ಯುಲೇಟರಿಗೆ ಸಾಮಾನ್ಯವಾಗಿ ಆ ಬೀಗದ ಅರಿವಿಲ್ಲ. ಡಾಸ್‌ನಲ್ಲಿ ಭಾರತೀಯ ಲಿಪಿಗಳನ್ನು ತೋರಿಸಲು ಕಾನ್ಪುರದ ಐಐಟಿಯಲ್ಲಿ ರೂಪುಗೊಂಡು ಪುಣೆಯ ಸಿ-ಡ್ಯಾಕ್ ಬೆಳೆಸಿದ ಜಿಸ್ಟ್ ಕಾರ್ಡ್ ಕೂಡ ಒಂದು ಬೇರೆಯೇ ಯಂತ್ರಭಾಗ. ಅನುಕರಿಸುವ ಯಂತ್ರದಲ್ಲಿ ಅದಿಲ್ಲದಿದ್ದರೆ ಪರದೆಯ ಮೇಲೆ ಕನ್ನಡ ಮೂಡದು. ಆಗ ಕಡತದ ಸಂಕೇತಗಳನ್ನೇ ಪರಿವರ್ತಿಸಬೇಕಾಗುತ್ತದೆ. 86ಬಾಕ್ಸ್ ನಡೆಯಲು ಹಳೆಯ ಯಂತ್ರಗಳ ರಾಮ್ ಪ್ರತಿಗಳು ಬೇಕು. ಅವುಗಳ ಮೇಲೂ ಹಳೆಯ ವಿಂಡೋಸಿನ ಮೇಲೂ ಒಡೆಯರ ಹಕ್ಕು ಅಳಿದಿಲ್ಲ ಎಂಬುದನ್ನು ಮರೆಯಲಾಗದು.

ಕ್ರಮದ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಮೊದಲು ಫ್ಲಾಪಿಗಳನ್ನು ಇಮೇಜಾಗಿ ನಕಲಿಸಿಕೊಳ್ಳಬೇಕು. ಅಯಸ್ಕಾಂತದ ಲೇಪನವು ವರ್ಷದಿಂದ ವರ್ಷಕ್ಕೆ ಕ್ಷಯಿಸುವುದರಿಂದ ಉಳಿದುದೆಲ್ಲ ಕಾಯಬಹುದು, ಇದು ಕಾಯದು. ಅನಂತರ ಸಾಮಾನ್ಯವಾದ ಅಳವಡಿಕೆಯಿಂದ ತೊಡಗಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಫಲವನ್ನು ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ದೋಷವಾದರೂ ಯಾವುದರಿಂದ ಬಂದಿತೆಂದು ತಿಳಿಯದು. ವ್ಯವಸ್ಥೆಯು ಸರಿಯಾಗಿ ನಡೆದಂದು ಆ ಅಳವಡಿಕೆಯ ಕಡತವನ್ನು, ಎಮ್ಯುಲೇಟರಿನ ಹೆಸರು ಮತ್ತು ಆವೃತ್ತಿಯೊಡನೆ, ಇಮೇಜಿನ ಪಕ್ಕದಲ್ಲಿಯೇ ಇಡಬೇಕು. ಹಸ್ತಪ್ರತಿಯ ವಿವರವನ್ನು ಸೂಚಿಯಲ್ಲಿ ಬರೆದಿಡುವವನು ಮುಂದಿನ ಸಂಶೋಧಕನ ದಾರಿಯನ್ನು ಹಗುರಮಾಡುತ್ತಾನೆ. ಹತ್ತಿಪ್ಪತ್ತು ಸಾಲಿನ ಈ ಕಡತವೂ ಅಂಥದೇ ಒಂದು ಸೂಚಿ. ಅದು ಜೊತೆಗಿದ್ದರೆ ಮುಂದೆ ಬರುವವರು ಯಂತ್ರವನ್ನು ಮತ್ತೆ ಊಹಿಸಬೇಕಾಗಿಲ್ಲ, ನೇರವಾಗಿ ಬರಹವನ್ನೇ ಓದಬಹುದು.